ತೆಗೆದ ಪುಟ

ಪ್ರೀತಿಯ ತಂಗಿ,

ಸುಡಾನಿನ ಇಸ್ಲಾಂ ರಾಜಕಾರಣದ ಮುಖಂಡ ಹಸನ್ ಅಲ್-ತುರಾಬಿಯ ಬಗ್ಗೆ ನೀನು ಬರೆದ ಲೇಖನದ ಎರಡು ಪ್ರತಿಗಳೂ, ಜೊತೆಗಿದ್ದ ಕಾಗದವೂ ಬಂದವು. "ಇನ್ನು ಬರೆಯಲ್ಲ" ಅಂದಿದ್ದೀಯ. ಮೊದಲ ಪ್ರತಿಯನ್ನು ಪತ್ರಿಕೆಯವರು "ನೀವು ಈ ಮನುಷ್ಯನ ಪರವೋ ವಿರೋಧವೋ ಗೊತ್ತಾಗಲಿಲ್ಲ" ಅಂತ ವಾಪಸ್ ಕಳಿಸಿದರು. ನೀನು ಕೂತು ವಿರೋಧದ ಪ್ರತಿ ಮಾಡಿದೆ. ಅದೂ ವಾಪಸ್ ಬಂತು. ಅಳು ಬರುವ ವಿಷಯವೇ. ನನಗೆ ಬೇಸರ ಆಗಿದ್ದು ಮಾತ್ರ ನೀನು ಎರಡನೇ ಪ್ರತಿ ಮಾಡಿದ್ದಕ್ಕೆ.

ಶುರು ಹೇಗಿರಬೇಕು, ಪ್ಯಾರಾ ಎಲ್ಲಿ ಮುರಿಯಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ. ನಿನ್ನ ಕನ್ನಡ ಚೆನ್ನಾಗಿದೆ, ಬಿಡು.

2023ರ ಏಪ್ರಿಲ್‌ನಲ್ಲಿ ನಿಮ್ಮೂರ ಪಕ್ಕದ ಕ್ಯಾಂಪಿನ ಹಕ್ಕಿಪಿಕ್ಕಿ ಜನ ಸುಡಾನ್‌ನಲ್ಲಿ ಸಿಕ್ಕಿಬಿದ್ದರು. ಎಣ್ಣೆ, ಗಿಡಮೂಲಿಕೆ ಮಾರಲು ಅಷ್ಟು ದೂರ ಹೋದವರು ಗುಂಡಿನ ಮಧ್ಯೆ ಕೂತಿದ್ದರು. ಆಪರೇಷನ್ ಕಾವೇರಿ ಅಂತ ಹೆಸರಿಟ್ಟು ಸರ್ಕಾರ ಭಾರತೀಯರನ್ನು ಕರೆತಂದಿತು. ಆ ದೇಶಕ್ಕೆ ಹೀಗೆ ಯಾಕಾಯಿತು ಅಂತ ಹುಡುಕುತ್ತಾ ನೀನು ತುರಾಬಿಯ ತನಕ ಹೋದೆ. ಆ ಹುಡುಕಾಟ ನಿನ್ನದೇ. ಯಾರೂ ಹೇಳಿ ಮಾಡಿಸಿದ್ದಲ್ಲ. ಅದಕ್ಕೇ ನಿನ್ನ ಮೊದಲ ಪ್ರತಿಯಲ್ಲಿ ಜೀವ ಇದೆ.

ಅದರಲ್ಲಿ ಕೊಬರ್ ಜೈಲಿನ ಒಂದು ಪುಟ ಇತ್ತು. ಎರಡನೆಯದರಲ್ಲಿ ಇಲ್ಲ. "ಓದುವವರಿಗೆ ಕನಿಕರ ಬರಬಾರದು ಅಂತ ತೆಗೆದೆ" ಎಂದಿದ್ದೀಯ. ಯಾಕಮ್ಮಾ ಹಾಗೆ ಮಾಡಿದೆ?

ಆ ಪುಟ ಏನು ಹೇಳುತ್ತಿತ್ತು ನೋಡು. 1985ರ ಜನವರಿ 18. ರಾಜಧಾನಿ ಖಾರ್ಟೂಮ್‌ನ ಕೊಬರ್ ಜೈಲು. ಮಹಮೂದ್ ಮುಹಮ್ಮದ್ ತಾಹಾ ಎಂಬ ಮುದುಕರನ್ನು ಗಲ್ಲಿಗೇರಿಸಿದರು. ಅವರೂ ಧರ್ಮದ ಮೇಷ್ಟ್ರೇ. ಆಗಿನ ಅಧ್ಯಕ್ಷ ನಿಮೇರಿ 1983ರಲ್ಲಿ ತಂದ ಷರಿಯಾ ಕಾನೂನುಗಳು ಬೇಡ ಅಂತ ಕರಪತ್ರ ಹಂಚಿದ್ದರು. ಅವರ ಮೇಲೆ ಧರ್ಮಭ್ರಷ್ಟತೆಯ ಆರೋಪ ಹೊರಿಸಿದರು. ಆಗ ತುರಾಬಿ ನಿಮೇರಿಯ ಜೊತೆಗೇ ಇದ್ದ. 1979ರಲ್ಲಿ ಅಟಾರ್ನಿ ಜನರಲ್ ಆದವನು. ಲಂಡನ್‌ನಲ್ಲಿ ಕಾನೂನು ಓದಿ, ಸೋರ್ಬಾನ್‌ನಲ್ಲಿ ಡಾಕ್ಟರೇಟ್ ಮಾಡಿದವನು.

1989ರ ಜೂನ್ 30. ಮತ್ತೆ ಅದೇ ಜೈಲು. ತುರಾಬಿಯ ಪಕ್ಷದವರೇ ಸೇನೆಯ ಒಳಗಿಂದ ದಂಗೆ ಎಬ್ಬಿಸಿದರು. ಪ್ರಧಾನಿ ಸಾದಿಕ್ ಅಲ್-ಮಹ್ದಿ, ಅಂದರೆ ತುರಾಬಿಯ ಹೆಂಡತಿಯ ಸೋದರ, ಕೆಳಗಿಳಿದ. ದಂಗೆ ಯಾರದು ಅಂತ ಹೊರಗಿನವರಿಗೆ ತಿಳಿಯಬಾರದು ಅಂತ ತುರಾಬಿಯೂ ಕೈದಿಯಾಗಿ ಒಳಗೆ ಹೋದ. ನೀನು ಅರಮನೆಗೆ ಹೋಗು, ನಾನು ಜೈಲಿಗೆ ಹೋಗುತ್ತೇನೆ ಅಂತ ದಂಗೆ ನಡೆಸಿದ ಸೇನಾಧಿಕಾರಿ ಒಮರ್ ಬಶೀರ್‌ಗೆ ಹೇಳಿದ್ದಾಗಿ ಮುಂದೆ ತಾನೇ ಒಪ್ಪಿಕೊಂಡ. ಆಚೆ ಅದೇ ಆಡಳಿತ ವಿರೋಧಿಗಳನ್ನು ಗುಟ್ಟಿನ ಮನೆಗಳಲ್ಲಿ ಕೂಡಿಹಾಕಿ ಹಿಂಸಿಸಿತು. ಜನ ಅವನ್ನು ದೆವ್ವದ ಮನೆ ಅಂದರು. ಬಿನ್ ಲಾದೆನ್‌ಗೆ ಜಾಗ ಸಿಕ್ಕಿದ್ದೂ ಆ ಕಾಲದಲ್ಲೇ. ದಕ್ಷಿಣದ ಯುದ್ಧಕ್ಕೆ ಜಿಹಾದ್ ಅಂತ ಹುಡುಗರನ್ನು ಕಳಿಸಿದ್ದೂ ಆಗಲೇ.

1999ರ ಡಿಸೆಂಬರ್‌ನಲ್ಲಿ ಬಶೀರ್ ಸಂಸತ್ತನ್ನೇ ವಿಸರ್ಜಿಸಿದ. ಸ್ಪೀಕರ್ ಆಗಿದ್ದ ತುರಾಬಿ ಬೀದಿಗೆ ಬಿದ್ದ. ಆಮೇಲೆ ಜೈಲು ನಾಟಕವಾಗಿ ಉಳಿಯಲಿಲ್ಲ. 2001ರಲ್ಲಿ ದಕ್ಷಿಣದ ಬಂಡುಕೋರರ ಜೊತೆ ಒಪ್ಪಂದ ಮಾಡಿಕೊಂಡಿದ್ದಕ್ಕೆ ಹಿಡಿದರು. 2009ರಲ್ಲಿ, ಬಶೀರ್ ಅಂತರರಾಷ್ಟ್ರೀಯ ಅಪರಾಧ ಕೋರ್ಟಿಗೆ ಶರಣಾಗಲಿ ಅಂದಿದ್ದಕ್ಕೆ ಮತ್ತೆ ಹಿಡಿದರು. ಆಗ ತುರಾಬಿಗೆ 76 ದಾಟಿತ್ತು. ಗಲ್ಲಿಗೇರಿದಾಗ ತಾಹಾ ಅವರಿಗೂ ಸರಿಸುಮಾರು ಅಷ್ಟೇ ವಯಸ್ಸು.

ಇದನ್ನು ಓದಿದರೆ ಕನಿಕರ ಬರುತ್ತದೆ, ಹೌದು. ಸಿಟ್ಟೂ ಬರುತ್ತದೆ. ಎರಡೂ ಒಟ್ಟಿಗೆ ಬರಲಿ ಬಿಡು. ಓದುವವರ ಎದೆಗೆ ಏನು ಬರಬೇಕು, ಏನು ಬರಬಾರದು ಅಂತ ಕಾಯೋದು ನಿನ್ನ ಕೆಲಸ ಅಲ್ಲ.

ಇನ್ನೊಂದನ್ನೂ ತೆಗೆದಿದ್ದೀಯ. ಹೆಂಗಸರು ನಮಾಜಿನ ಮುಂದಾಳು ಆಗಬಹುದು, ಮುಸ್ಲಿಂ ಹೆಣ್ಣು ಕ್ರೈಸ್ತನನ್ನೋ ಯೆಹೂದಿಯನ್ನೋ ಮದುವೆಯಾಗಬಹುದು ಅಂತ 2006ರಲ್ಲಿ ತುರಾಬಿ ಹೇಳಿದ್ದು. ಅದಕ್ಕೆ ಸುಡಾನಿನ ಕೆಲವು ಮೌಲ್ವಿಗಳು ಆತನನ್ನೇ ಧರ್ಮಭ್ರಷ್ಟ ಅಂದರು. ಬರೀ ಮನಸ್ಸು ಬದಲಾಯಿಸಿ ಧರ್ಮ ಬಿಟ್ಟವನಿಗೆ ಮರಣದಂಡನೆ ಸಲ್ಲದು ಅಂತಲೂ ಆತ ವಾದಿಸುತ್ತಿದ್ದ. ಆದರೆ ಆತನ ಜನ ಆಳುತ್ತಿದ್ದಾಗಲೇ, 1991ರ ದಂಡಸಂಹಿತೆಗೆ ಅದೇ ಶಿಕ್ಷೆ ಸೇರಿತು. ಈ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡು. ನೀನು ಎಷ್ಟು ಬೈದರೂ ಇಷ್ಟು ಆಳಕ್ಕೆ ಚುಚ್ಚುವುದಿಲ್ಲ.

ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಅಂತ ಹೇಳಬೇಕು. ನಿನ್ನ ವಯಸ್ಸಿನಲ್ಲಿ ನಾನೊಂದು ಜೀವನಚರಿತ್ರೆ ಬರೆದೆ. ನಮ್ಮ ಕಡೆಯ ಒಬ್ಬ ದೊಡ್ಡ ಮನುಷ್ಯನದು. ಊರೂರು ತಿರುಗಿ ಮಾತಾಡಿಸಿದೆ. ಒಬ್ಬ ಹೆಂಗಸು ತನ್ನ ಎರಡು ಎಕರೆ ಹೊಲ ಆತನ ಕೈಗೆ ಹೇಗೆ ಹೋಯಿತು ಅಂತ ಒಂದು ಮಧ್ಯಾಹ್ನ ಪೂರ್ತಿ ಹೇಳಿದಳು. ಬರೆದುಕೊಂಡೆ. ಪುಸ್ತಕಕ್ಕೆ ಹಾಕಲಿಲ್ಲ. ಆತ ಮಾಡಿದ ಒಳ್ಳೆಯ ಕೆಲಸಗಳೂ ನಿಜವೇ ಆಗಿದ್ದವು. ಆ ಒಂದು ಪುಟ ಸೇರಿದರೆ ಎಲ್ಲ ಕೆಡುತ್ತದೆ ಅನ್ನಿಸಿತು. ಪುಸ್ತಕಕ್ಕೆ ಹೊಗಳಿಕೆ ಸಿಕ್ಕಿತು, ಹಾರ ಬಿತ್ತು. ಆ ಹೆಂಗಸಿಗೆ ಓದು ಬರುತ್ತಿರಲಿಲ್ಲ. ಮಗನ ಕೈಲಿ ಪೂರ್ತಿ ಓದಿಸಿಕೊಂಡು ನನ್ನ ಹತ್ತಿರ ಬಂದಳು. "ನಾನು ಹೇಳಿದ್ದು ಯಾವ ಪುಟದಲ್ಲಿದೆ?" ಅಂತ ಕೇಳಿದಳು. ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ಹುಡುಕುತ್ತಿದ್ದಳು. ಆಕೆ ಈಗಿಲ್ಲ. ಆ ಪುಸ್ತಕ ಇನ್ನೂ ಅಂಗಡಿಯಲ್ಲಿದೆ.

ನಾನು ತೆಗೆದಿದ್ದು ಕೆಟ್ಟದ್ದನ್ನು, ನೀನು ತೆಗೆದಿದ್ದು ಒಳ್ಳೆಯದನ್ನು. ಜಾಸ್ತಿ ವ್ಯತ್ಯಾಸ ಇದೆಯಾ? ನನಗೆ ಕಾಣುತ್ತಿಲ್ಲ.

ಎರಡನೇ ಪ್ರತಿಯ ಕೊನೆಯ ಸಾಲಿಗೆ ಮಾತ್ರ ನಿಜಕ್ಕೂ ಕೋಪ ಬಂತು. ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದು ತುರಾಬಿಯಿಂದ ಅಂತ ಬರೆದಿದ್ದೀಯ. ಆತ ತೀರಿಕೊಂಡಿದ್ದು 2016ರ ಮಾರ್ಚ್‌ನಲ್ಲಿ. 2023ರಲ್ಲಿ ಸೇನೆಯ ಮೇಲೆ ತಿರುಗಿಬಿದ್ದ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯನ್ನು 2013ರಲ್ಲಿ ಕಟ್ಟಿದ್ದು ಬಶೀರ್ ಸರ್ಕಾರ. ಆಗ ತುರಾಬಿ ವಿರೋಧ ಪಕ್ಷದಲ್ಲಿದ್ದ. ಬಶೀರ್ ಗದ್ದುಗೆ ಏರಲು ದಾರಿ ಮಾಡಿದ್ದು ತುರಾಬಿ, ಅಷ್ಟು ಬರೆ. ಅದು ಸುಳ್ಳಲ್ಲ, ಸಣ್ಣದೂ ಅಲ್ಲ. ಸುಮ್ನೆ ಎಳೆದು ಕಟ್ಟಬೇಡ.

2019ರಲ್ಲಿ ಬಶೀರ್‌ನನ್ನು ಇಳಿಸಿದ ಮೇಲೆ ಎಲ್ಲಿಗೆ ಕರೆದುಕೊಂಡು ಹೋದರು ಗೊತ್ತಲ್ವಾ? ಕೊಬರ್‌ಗೇ. ನಿನ್ನ ಮೊದಲ ಪ್ರತಿಯಲ್ಲೂ ಅದಿರಲಿಲ್ಲ. ಸೇರಿಸು.

ಕ್ಯಾಂಪಿನ ಆ ಅಜ್ಜಿಯನ್ನು ಇನ್ನೊಂದು ಸಲ ಮಾತಾಡಿಸು. ಆಕೆ ಸುಡಾನಿನವರ ಬಗ್ಗೆ ಒಂದೂ ಕೆಟ್ಟ ಮಾತಾಡಲಿಲ್ಲ ಅಂತ ಕಾಗದದಲ್ಲಿ ಬರೆದಿದ್ದೀಯ, ಲೇಖನದಲ್ಲಿ ಬರೆದಿಲ್ಲ. ಮೂರನೇ ಪ್ರತಿ ಕಳಿಸುವಾಗ ಹಳೆಯ ಎರಡನ್ನೂ ಜೊತೆಗಿಡು. ಈ ಸಲ ಏನು ತೆಗೆದೆ ಅಂತ ನಾನು ನೋಡಬೇಕು.

ನಿನ್ನ ಅಣ್ಣ