ಕೊಲೋಸಸ್ ಪಕ್ಕ ನಿಂತಿದ್ದ ಆ ಹಿರಿಯರಿಗೆ

ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಸಂಕೇತ ಭೇದಿಸುವ ಕೇಂದ್ರವಾಗಿದ್ದ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನ ಎಚ್ ಬ್ಲಾಕ್‌ನಲ್ಲಿರುವ ಕಂಪ್ಯೂಟರ್ ಮ್ಯೂಸಿಯಂನಲ್ಲಿ, ಮುಚ್ಚುವ ಹೊತ್ತಾದರೂ ನಮ್ಮಪ್ಪನ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸಿದ ಸ್ವಯಂಸೇವಕರೇ, ನಿಮಗೆ ಕೈಮುಗಿದು ವಂದನೆ.

ಅಪ್ಪ ಮೈಸೂರಿನ ಟೆಲಿಫೋನ್ ಇಲಾಖೆಯಲ್ಲಿ ಕರೆಗಳನ್ನು ಯಂತ್ರವೇ ಜೋಡಿಸುವ ಹಳೆಯ ಸ್ಟ್ರೌಜರ್ ಎಕ್ಸ್‌ಚೇಂಜ್ ನೋಡಿಕೊಂಡಿದ್ದವರು. ‘ಹಳೇ ಕಬ್ಬಿಣ ನೋಡೋಕೆ ಇಷ್ಟು ದುಡ್ಡಾ?’ ಎಂದು ಗೊಣಗುತ್ತಲೇ ಬಂದಿದ್ದರು. ಆ ಯುದ್ಧಕಾಲದ ಕಂಪ್ಯೂಟರ್ ಕೊಲೋಸಸ್‌ನ ರಿಲೇಗಳನ್ನು (ಎಕ್ಸ್‌ಚೇಂಜ್‌ನಲ್ಲೂ ಇರುವ ವಿದ್ಯುತ್ ಸ್ವಿಚ್ಚುಗಳು) ಕಂಡದ್ದೇ ತಡ, ತವರಿಗೆ ಬಂದವರಂತಾದರು. ಹಿಟ್ಲರನ ಸೇನಾಧಿಕಾರಿಗಳ ಲೊರೆಂಜ್ ಸಂಕೇತ ಭೇದಿಸಲು ಇದನ್ನು ಕಟ್ಟಿದ ಟಾಮಿ ಫ್ಲವರ್ಸ್ ಕೂಡ ಟೆಲಿಫೋನ್ ಎಂಜಿನಿಯರೇ ಎಂದು ನೀವು ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು! ಅಷ್ಟೊಂದು ವಾಲ್ವ್ (ಗಾಜಿನ ಎಲೆಕ್ಟ್ರಾನಿಕ್ ನಳಿಗೆ) ಒಟ್ಟಿಗೆ ಬಾಳುವುದಿಲ್ಲ ಎಂದವರಿಗೆ, ಸ್ವಿಚ್ ಆಫ್ ಮಾಡದೆ ಬಿಟ್ಟರೆ ಬಾಳುತ್ತವೆ ಎಂಬ ಎಕ್ಸ್‌ಚೇಂಜ್ ಅನುಭವವೇ ಫ್ಲವರ್ಸ್ ಕೊಟ್ಟ ಉತ್ತರ. 1944ರ ಆರಂಭದಲ್ಲಿ ಯಂತ್ರ ಕೆಲಸಕ್ಕೆ ನಿಂತಿತು. ತೂತು ಹೊಡೆದ ಕಾಗದದ ಪಟ್ಟಿಯಿಂದ ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು.

ಯುದ್ಧದ ನಂತರ ಯಂತ್ರಗಳನ್ನು ಬಿಚ್ಚಿಹಾಕಿ, ಅವುಗಳ ನಕ್ಷೆಗಳನ್ನು ಸುಟ್ಟರು. 1993ರಿಂದ ಟೋನಿ ಸೇಲ್ ಮತ್ತವರ ತಂಡ ಕೆಲವು ಫೋಟೊ, ಉಳಿದಿದ್ದ ನಕ್ಷೆಗಳ ತುಣುಕು, ಹಳೆಯ ಎಂಜಿನಿಯರುಗಳ ನೆನಪುಗಳನ್ನೇ ನಂಬಿ ಅದನ್ನು ಮತ್ತೆ ಕಟ್ಟಿದರು. ಬೇರೆ ಕಡೆಯಾದರೆ ಗಾಜಿನೊಳಗಿಟ್ಟು ‘ಮುಟ್ಟಬೇಡಿ’ ಎನ್ನುತ್ತಿದ್ದರೇನೋ. ನೀವು ಪಟ್ಟಿ ಓಡಿಸಿಯೇ ತೋರಿಸಿದಿರಿ. ಓಡದ ಯಂತ್ರದಿಂದ ಅಪ್ಪನಿಗೆ ಅರ್ಧವೂ ತಿಳಿಯುತ್ತಿರಲಿಲ್ಲ.

ನಿಮ್ಮ ಬ್ಯಾಡ್ಜ್ ತಿರುಗಿಕೊಂಡಿತ್ತು, ಹೆಸರು ಕಾಣಲಿಲ್ಲ. ಆ ಕಡೆ ಹೋಗುವ ಕನ್ನಡಿಗರು ಯಾರಾದರೂ ‘ಮೈಸೂರಿನ ಟೆಲಿಫೋನ್ ರಾಯರು ಕೇಳಿದ್ದಾರೆ’ ಅಂತ ದಯವಿಟ್ಟು ಅವರಿಗೆ ತಿಳಿಸಿ.