ಚಿಪ್ಪಿನ ಎಣಿಕೆಯನ್ನು ನಂಬುವ ಮುನ್ನ

ಹಾಸನ

ಚಿ. ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಗೋವಾದಲ್ಲಿ ದಕ್ಷಿಣ ಮಹಾಸಾಗರದ ಕೆಸರು ನಿನ್ನ ಕೈಗೆ ಬಂದಿದೆಯೆಂದು ಓದಿ ಸಂತೋಷವಾಯಿತು. ಆದರೆ ನೀನು ಕಳಿಸಿದ ಅಧ್ಯಾಯದಲ್ಲಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪುಗಳು ಹೇರಳವಾಗಿವೆ, ಆದ್ದರಿಂದ ಆ ಕೆಸರು ಕೂತ ಕಾಲದಲ್ಲಿ ಪೋಷಕಾಂಶವೂ ಹೇರಳವಾಗಿತ್ತು ಎಂದು ಬರೆದಿದ್ದೀಯಲ್ಲ, ಆ ‘ಆದ್ದರಿಂದ’ ನನಗೆ ಒಪ್ಪಿಗೆಯಾಗಲಿಲ್ಲ. ಸಸ್ಯಶಾಸ್ತ್ರದ ನಿವೃತ್ತ ಮೇಷ್ಟರ ಚಾಳಿ, ಸಹಿಸಿಕೋ.

ಸತ್ತ ಡಯಾಟಮ್‌ನ ಸಿಲಿಕಾ ಚಿಪ್ಪು ಸಮುದ್ರದ ನೀರಿನಲ್ಲಿ ಕರಗುತ್ತಲೇ ಇಳಿಯುತ್ತದೆ. ಮೇಲೆ ಬೆಳೆದದ್ದರಲ್ಲಿ ಕೆಸರಿನಲ್ಲಿ ಉಳಿಯುವುದು ಎಲ್ಲ ಸಾಗರಗಳ ಸರಾಸರಿಯಲ್ಲಿ ನೂರಕ್ಕೆ ಮೂರರಷ್ಟು. ಫ್ರಾಜಿಲಾರಿಯಾಪ್ಸಿಸ್ ಕರ್ಗ್ಯುಲೆನ್ಸಿಸ್‌ನಂಥ ದಪ್ಪ ಚಿಪ್ಪಿನವು ನಿನ್ನ ಸ್ಲೈಡಿನವರೆಗೂ ಬರುತ್ತವೆ. ತೆಳು ಚಿಪ್ಪಿನವು ಬಹುಪಾಲು ದಾರಿಯಲ್ಲೇ ಕರಗಿಹೋಗುತ್ತವೆ. ಇನ್ನೂ ತಮಾಷೆಯ ಸಂಗತಿಯೆಂದರೆ, ಕಬ್ಬಿಣ ಸಾಲದೆ ಬಂದಾಗ ಡಯಾಟಮ್‌ಗಳು ನೈಟ್ರೋಜನ್ ಒದಗಿಸುವ ನೈಟ್ರೇಟಿನ ಪಾಲಿಗೆ ಹೋಲಿಸಿದರೆ ಸಿಲಿಕಾವನ್ನೇ ಹೆಚ್ಚು ಹೀರುತ್ತವೆ, ಚಿಪ್ಪು ದಪ್ಪವಾಗುತ್ತದೆ. ಬಡತನವೇ ಸಿರಿವಂತಿಕೆಯ ವೇಷ ಹಾಕಿ ಬಂದೀತು!

ಐಸೊಟೋಪ್, ಅಂದರೆ ಒಂದೇ ಮೂಲವಸ್ತುವಿನ ಹಗುರ-ಭಾರ ರೂಪಗಳ ಅಳತೆ ಇರುವುದು ಅದಕ್ಕೇ. ಡಯಾಟಮ್‌ಗಳು ಹಗುರವಾದ ನೈಟ್ರೋಜನ್-14 ಅನ್ನು ತುಸು ಹೆಚ್ಚಾಗಿ ಎಳೆದುಕೊಳ್ಳುತ್ತವೆ. ನೈಟ್ರೇಟ್ ಖರ್ಚಾದಂತೆ ನೀರಿನಲ್ಲಿ ಉಳಿದದ್ದು ಭಾರವಾಗುತ್ತದೆ, ಆಮೇಲೆ ಬೆಳೆದವುಗಳೂ ಭಾರವಾಗುತ್ತವೆ. ಚಿಪ್ಪಿನೊಳಗೆ ಸಿಕ್ಕಿಕೊಂಡ ನೈಟ್ರೋಜನ್ ಸಿಲಿಕಾದ ರಕ್ಷಣೆಯಲ್ಲಿ ಸಾವಿರಾರು ವರ್ಷ ಕೆಡದೆ ಇರುತ್ತದೆ. ಆದರೆ ಅದು ಹೇಳುವುದು ಬಂದ ನೈಟ್ರೇಟಿನಲ್ಲಿ ಎಷ್ಟು ಪಾಲು ಬಳಕೆಯಾಯಿತು ಎಂದಷ್ಟೇ. ಎಷ್ಟು ಬಂತು ಎಂದಲ್ಲ. ಸಕಲೇಶಪುರದ ತೋಟದಲ್ಲಿ ನಿನ್ನ ಅಪ್ಪ ಹಾಕಿದ ಗೊಬ್ಬರ ಬೇರೆ, ಮಳೆ ಬಿದ್ದ ಮೇಲೆ ಕಾಫಿ ಗಿಡ ತೆಗೆದುಕೊಂಡದ್ದು ಬೇರೆ ಅಲ್ಲವೇ?

ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗವನ್ನೇ ನೋಡು. ಅಂಟಾರ್ಕ್ಟಿಕಾಕ್ಕೆ ಹತ್ತಿರದ ನೀರಿನಲ್ಲಿ ಆಗ ಚಿಪ್ಪಿನ ನೈಟ್ರೋಜನ್ ಭಾರವಾಗಿತ್ತು, ಸಿಲಿಕಾ ಸಂಚಯ ಮಾತ್ರ ಕಡಿಮೆ. ಎರಡನ್ನೂ ಜೊತೆಗಿಟ್ಟು ಓದಿದವರಿಗೆ, ಪೋಷಕಾಂಶವನ್ನೂ ಇಂಗಾಲವನ್ನೂ ಹೊತ್ತ ಆಳದ ನೀರು ಮೇಲೆ ಬರುವುದೇ ತಗ್ಗಿತ್ತು ಎಂಬ ಅರ್ಥ ಹೊಳೆಯಿತು. ಆಗ ವಾತಾವರಣದ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 190ರ ಆಸುಪಾಸು; ಕೈಗಾರಿಕಾ ಯುಗಕ್ಕೆ ಮುನ್ನ 280. ಈ ವ್ಯತ್ಯಾಸದ ಜಾಡು ಹಿಡಿಯಲು ನಿನ್ನ ಕೆಸರು ಬೇಕಾಗಿರುವುದು. ಬರೀ ಎಣಿಕೆ ಮಾಡಿದ್ದವರಿಗೆ ಬಂದದ್ದರಲ್ಲಿ ಎಷ್ಟು ಪಾಲು ಬಳಕೆಯಾಯಿತು ಎಂಬುದು ತಿಳಿಯುತ್ತಲೇ ಇರಲಿಲ್ಲ.

ಆದ್ದರಿಂದ ಕೀಟೊಸೆರಾಸ್ ಎಂಬ ಡಯಾಟಮ್‌ನ ವಿಶ್ರಾಂತಿ ಬೀಜಕಗಳನ್ನು, ಅಂದರೆ ಕೆಟ್ಟ ಕಾಲ ಕಳೆಯಲು ಅದು ತಾಳುವ ದಪ್ಪ ಚಿಪ್ಪಿನ ರೂಪಗಳನ್ನು, ಬೇರೆಯಾಗಿಯೇ ಎಣಿಸು. ಪ್ರವಾಹ ತಂದು ಗುಡ್ಡೆ ಹಾಕಿದ ಕೆಸರಿನ ಲೆಕ್ಕ ಸರಿಪಡಿಸಲು, ನೀರಿನಿಂದ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ತಳಕ್ಕಿಳಿಯುವ ಥೋರಿಯಂ-230 ನೋಡು. ಸಿಲಿಕಾನ್ ಐಸೊಟೋಪ್ ಅಳೆಯುವುದಾದರೆ, ಜೇಡಿಯಲ್ಲೂ ಸಿಲಿಕಾನ್ ಇರುವುದರಿಂದ ಅದನ್ನು ಪೂರ್ತಿ ತೆಗೆದಿರಬೇಕು, ಇದರಲ್ಲಿ ರಾಜಿ ಬೇಡ.

ಅಧ್ಯಾಯ ತಿದ್ದಿದ ಮೇಲೆ ಮತ್ತೆ ಕಳಿಸು. ದೊಡ್ಡಮ್ಮ ಕಾಫಿಪುಡಿ ಪಾರ್ಸೆಲ್ ಮಾಡಿದ್ದಾಳೆ, ನಿನ್ನ ಹಾಸ್ಟೆಲಿನ ಪಿನ್‌ಕೋಡ್ ತಿಳಿಸು.

ಇತಿ,
ನಿನ್ನ ದೊಡ್ಡಪ್ಪ