ದಂಡದ ರಸೀತಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು, ಅನ್ಯಾಯ ಉಂಡವನು ಕಾನೂನು ಮುರಿದರೆ ಅದನ್ನು ಅಪರಾಧ ಅನ್ನಲೇಬಾರದು ಎಂದು ಬರೆದಿದ್ದರು. ಎರಡು ದಿನ ಬಿಟ್ಟು ಇನ್ನೊಬ್ಬರ ಉತ್ತರ ಬಂತು. ಕಾನೂನು ಮುರಿದವನು ಯಾರೇ ಇರಲಿ ಅಪರಾಧಿಯೇ, ಕಾರಣ ಕೇಳುತ್ತಾ ಕೂತರೆ ರಾಜ್ಯ ನಡೆಯುವುದಿಲ್ಲ ಅಂತ. ಇಬ್ಬರಿಗೂ ತಮ್ಮ ಮಾತಿನ ಮೇಲೆ ಬಹಳ ಭರವಸೆ. ನನಗೆ ಅಷ್ಟಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆ. ಅದನ್ನು ಇಬ್ಬರ ಮುಂದೂ ಬಿಚ್ಚಿಡೋಣ ಅನ್ನಿಸಿತು.

ಪೆಟ್ಟಿಗೆಯಲ್ಲಿರುವುದು ನಮ್ಮ ಅಪ್ಪಯ್ಯ ಕಟ್ಟಿದ ದಂಡದ ರಸೀತಿಗಳು. ಸರ್ಕಾರಿ ಜಾಗವನ್ನು ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿದ್ದಕ್ಕೆ ಹಾಕಿದ ದಂಡ. ಒಟ್ಟು ಹನ್ನೊಂದು ರಸೀತಿ ಉಳಿದಿವೆ. ಎಲ್ಲಕ್ಕಿಂತ ಹಳೆಯದು 1969ರದ್ದು, ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಬೇರೆ ಮನೆಗಳಲ್ಲಿ ಬಂಗಾರ ಇಡುವ ಹಾಗೆ ಅಮ್ಮ ಇವನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. ಯಾಕೆಂದರೆ ಬಗರ್ ಹುಕುಂ ಸಕ್ರಮಕ್ಕೆ, ಅಂದರೆ ಹೀಗೆ ಅಪ್ಪಣೆಯಿಲ್ಲದೆ ಉತ್ತ ಜಾಗವನ್ನು ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಹಾಕಲು ಹೋದರೆ, ಇಷ್ಟು ವರ್ಷದಿಂದ ನೀವೇ ಉಳುತ್ತಿದ್ದೀರಿ ಅನ್ನುವುದಕ್ಕೆ ಪುರಾವೆ ಏನು ಎಂದು ಕೇಳುತ್ತಾರೆ. ಆಗ ತೋರಿಸುವುದು ಇದನ್ನೇ. ತಪ್ಪು ಮಾಡಿದ್ದಕ್ಕೆ ಕೊಟ್ಟ ಚೀಟಿಯೇ ಹಕ್ಕಿಗೆ ಸಾಕ್ಷಿ. "ಕದ್ದದ್ದು ಸಾಬೀತಾದ್ರೆ ಮಾತ್ರ ನಮ್ದು ಮಗಾ" ಎಂದು ಅಪ್ಪಯ್ಯ ನಗುತ್ತಿದ್ದ.

ಅಪ್ಪಯ್ಯ ಮೊದಲ ಸಲ ಕಾನೂನು ಮುರಿದದ್ದು ಕಾಗೋಡಿನಲ್ಲಿ, 1951ರಲ್ಲಿ. ಸಾಗರದ ಹತ್ತಿರದ ಕಾಗೋಡು ಸತ್ಯಾಗ್ರಹದ ಹೆಸರು ಎಲ್ಲರೂ ಕೇಳಿದ್ದಾರೆ, ಆದರೆ ಅದು ಒಂದು ಕೊಳಗದಿಂದ ಶುರುವಾಯಿತು ಅನ್ನುವುದು ಈಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಗೇಣಿ ಭತ್ತ ಅಳೆದುಕೊಳ್ಳುವ ಧಣಿಗಳ ಕೊಳಗ ದೊಡ್ಡದು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ದೀವರ ಸಮುದಾಯದ ಗೇಣಿದಾರರು ಕೇಳಿದರು. ಕೇಳಿದ್ದೇ ತಪ್ಪಾಯಿತು, ಜಮೀನು ಬಿಡಿಸಿದರು. ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ರೈತ ಮುಖಂಡ ಎಚ್. ಗಣಪತಿಯಪ್ಪ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತಿದ್ದರು. ಆಮೇಲೆ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಅಪ್ಪಯ್ಯನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಕಾಗೋಡು ಅವನ ಊರಲ್ಲ. ಆದರೆ ಕೊಳಗ ಎಲ್ಲ ಕಡೆ ಅದೇ ಅಲ್ವಾ?

ಪೊಲೀಸರು ಹೆಸರು ಬರೆದುಕೊಳ್ಳುವಾಗ ಪಕ್ಕದಲ್ಲಿದ್ದ ಹುಡುಗನೊಬ್ಬ ಹೆದರಿ ಸುಳ್ಳು ಹೆಸರು ಹೇಳಿದನಂತೆ. ಅಪ್ಪಯ್ಯ ಅಲ್ಲೇ ಅವನ ತಲೆಗೆ ಮೊಟಕಿದನಂತೆ. "ಸುಳ್ಳು ಹೆಸರು ಹೇಳಿದ್ರೆ ಇದು ಕಳ್ಳತನ ಆಗ್ತದೆ ಕಣೋ" ಅಂತ. ತನ್ನ ಹೆಸರು, ತನ್ನ ಅಪ್ಪನ ಹೆಸರು, ಊರು ಎಲ್ಲವನ್ನೂ ಗಟ್ಟಿಯಾಗಿ ಹೇಳಿ ಜೈಲಿಗೆ ಹೋದ. ಈ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದಾನೋ, ನಮಗೆ ಬೇಜಾರು ಬರುವಷ್ಟು.

ಮುಂದೆ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ಇಪ್ಪತ್ತಮೂರು ವರ್ಷದ ಹಿಂದೆ ಯಾವುದಕ್ಕೆ ಜೈಲಿಗೆ ಹಾಕಿದ್ದರೋ ಅದನ್ನೇ ಸರ್ಕಾರ ಫಾರಂ ಕೊಟ್ಟು, ಸಹಿ ಹಾಕಿಸಿಕೊಂಡು ಮಾಡಿಸಿತು. ಕಾನೂನು ಮುರಿದವನು ಯಾವತ್ತೂ ಅಪರಾಧಿಯೇ ಅಂದ ಮಹನೀಯರು ಇದಕ್ಕೆ ಏನು ಹೇಳುತ್ತಾರೋ ಕೇಳಬೇಕು.

ನಮಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ. ನಾವು ಗೇಣಿಗೆ ಮಾಡುತ್ತಿದ್ದ ಗದ್ದೆ ಅಷ್ಟರಲ್ಲಿ ನೀರಿನ ಕೆಳಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಶರಾವತಿ ನಮ್ಮ ಅಂಗಳದ ತುಳಸಿಕಟ್ಟೆಯ ತನಕ ಬಂದಳು. ನನಗೆ ಹತ್ತು ವರ್ಷ. ಲಾರಿಯಲ್ಲಿ ಪಾತ್ರೆ, ಕೋಳಿಗೂಡು, ಅಜ್ಜಿ ಎಲ್ಲವನ್ನೂ ಹೇರಿಕೊಂಡು ಬಂದು ಶಿವಮೊಗ್ಗ ತಾಲ್ಲೂಕಿನ ಒಂದು ಕಾಡಂಚಿನಲ್ಲಿ ಇಳಿಸಿದರು. ತೋರಿಸಿದ ಜಾಗ ಎಂಟು ಜನರ ಹೊಟ್ಟೆಗೆ ಸಾಲುವಂಥದ್ದಲ್ಲ. ಅಪ್ಪಯ್ಯ ರಾತ್ರಿ ಕೊಡಲಿ ತೆಗೆದುಕೊಂಡು ಹೋಗತೊಡಗಿದ. ಲಾಟೀನಿಲ್ಲ, ಬೆಳದಿಂಗಳಷ್ಟೇ. ದಾರಿಯ ತುದಿಯಲ್ಲಿ ನಾನು ಕೂರಬೇಕು, ಗಾರ್ಡ್ ಬಂದರೆ ಕೆಮ್ಮಬೇಕು. ನಿಜವಾಗಿ ಕೆಮ್ಮು ಬಂದರೂ ತಡೆದುಕೊಂಡು ಕೂತಿರುತ್ತಿದ್ದೆ. ಮತ್ತಿ, ನಂದಿ, ಒಂದು ದೊಡ್ಡ ಹೊನ್ನೆ ಮರ. ಹೊನ್ನೆ ಮರ ಕಡಿದ ದಿನ ಅಪ್ಪಯ್ಯ ಊಟ ಮಾಡಲಿಲ್ಲ. ಹೀಗೆ ಒಂದೂವರೆ ಎಕರೆ ಆಯಿತು.

ಇಲ್ಲಿ ಹೆಸರು ಹೇಳುವ ಮಾತೇ ಇಲ್ಲ, ಎಲ್ಲ ಕದ್ದುಮುಚ್ಚಿ. ಆದರೆ ಬೆಳಿಗ್ಗೆ ಗಾರ್ಡ್ ಬಂದು ಯಾರೋ ಇದು ಕಡಿದದ್ದು ಎಂದರೆ, "ನಾನೇ, ದಂಡ ಬರೀರಿ" ಎನ್ನುತ್ತಿದ್ದ. ಇನ್ನೊಬ್ಬರ ಮೇಲೆ ಹಾಕಿದ್ದು ಒಂದು ಸಲವೂ ಇಲ್ಲ. ಪೆಟ್ಟಿಗೆಯ ಹನ್ನೊಂದು ಚೀಟಿಯಲ್ಲೂ ಅವನದೇ ಹೆಸರಿದೆ.

ಅವನು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೂ ಪೂರ್ತಿ ಸರಿ ಅನ್ನಲು ಹೋದರೆ ನಾಲಿಗೆ ತಡೆಯುತ್ತದೆ. ಹೊನ್ನೆ ಮರದ್ದು ಒಂದು. ಇನ್ನೊಂದು, ನಮ್ಮಂಥವರ ಒಂದೂವರೆ ಎಕರೆಯನ್ನು ಮುಂದೆ ಮಾಡಿಕೊಂಡು ಎಕರೆಗಟ್ಟಲೆ ಕಾಡು ನುಂಗಿ ತೋಟ ಮಾಡಿದವರನ್ನೂ ನೋಡಿದ್ದೇನೆ. ಬಡವರಿಗೆ ಅನ್ಯಾಯ ಆಗಿದೆ ಎಂದು ಸಭೆಯಲ್ಲಿ ಜಾಸ್ತಿ ಕೂಗುವವರು ಅವರೇ.

ಕಾನೂನಿನ ಕಥೆಯೂ ಕೇಳಿ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ ಕಾಡಿನಲ್ಲಿ ಇದ್ದೆವು ಅಂತ ತೋರಿಸಬೇಕು. ಅಂದರೆ 1930ರಿಂದ. ನಮ್ಮನ್ನು ಲಾರಿಯಲ್ಲಿ ತಂದು ಇಳಿಸಿದ್ದೇ 1964ರಲ್ಲಿ! ಮುಳುಗಡೆಯವರಿಗೆಂದು ಅರಣ್ಯದಿಂದ ಬಿಡಿಸಿಕೊಟ್ಟ ಜಾಗದ ಆದೇಶಗಳಿಗೆ ಕೇಂದ್ರದ ಒಪ್ಪಿಗೆ ಪಡೆದಿರಲಿಲ್ಲವೆಂದು ಹೈಕೋರ್ಟ್ ತೀರ್ಪಿನಿಂದ 2021ರಲ್ಲಿ ಅವೂ ರದ್ದಾದವು. ಊರು ಬಿಟ್ಟು ಅರವತ್ತು ವರ್ಷದ ಮೇಲೂ ನಾವು ಒತ್ತುವರಿದಾರರೇ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಮೊದಲನೇ ಪತ್ರದವರ ಕಡೆ ಅಂದುಕೊಳ್ಳಬೇಡಿ.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಒಂದು ವರ್ಷ ಏಳನೇ ಕ್ಲಾಸಿನ ಮಕ್ಕಳನ್ನು ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಕರೆದುಕೊಂಡು ಹೋಗಿದ್ದೆ. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದು ಮಕ್ಕಳು ಬಸ್ಸಿನ ತುಂಬ ಕೂಗಿಕೊಂಡೇ ಬಂದಿದ್ದರು. 1942ರಲ್ಲಿ ಆ ಊರಿನವರು ತಮ್ಮದೇ ಸರ್ಕಾರ ಮಾಡಿದ್ದು, ಹುಡುಗರನ್ನೇ ಅಮಲ್ದಾರ (ಈಗಿನ ತಹಸೀಲ್ದಾರ), ಪೊಲೀಸ್ ಅಧಿಕಾರಿ ಅಂತ ನೇಮಿಸಿದ್ದು ಹೇಳಿದೆ. ಖುಷಿಯಾಗಿ ಕೇಳಿದರು. ನಿಜವಾದ ಅಮಲ್ದಾರರು ಪೊಲೀಸರ ಜೊತೆ ಬಂದದ್ದು, ಲಾಠಿ ಬೀಸಿದ್ದು, ಗುಂಡು ಹಾರಿಸಿದ್ದು, ಆ ಗಲಾಟೆಯಲ್ಲಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತದ್ದು, 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೆ ಹಾಕಿದ್ದು ಹೇಳಿದೆ. ಆಗ ಹಿಂದೆ ನಿಂತಿದ್ದ ಒಬ್ಬ ಹುಡುಗ, "ಆ ಅಮಲ್ದಾರರಿಗೆ ಮಕ್ಕಳಿದ್ರಾ ಮೇಡಂ?" ಎಂದು ಕೇಳಿದ. ಅವನ ಅಪ್ಪ ಹೆಡ್ ಕಾನ್‌ಸ್ಟೇಬಲ್.

ನಾನು ಗೊತ್ತಿಲ್ಲ ಮರಿ ಎಂದೆ. ಪಾಠದಲ್ಲಿ ಅದು ಇರಲಿಲ್ಲ, ನಾನೂ ಯೋಚಿಸಿರಲಿಲ್ಲ. ಗಲ್ಲಿಗೇರಿದ ಐವರ ಮುಂದೆ ಇವತ್ತಿಗೂ ನನ್ನ ತಲೆ ಬಾಗುತ್ತದೆ. ಆದರೆ ಆ ಘೋಷಣೆಯನ್ನು ಮೊದಲಿನ ಹಾಗೆ ಕೂಗಿಸಲು ನನಗೆ ಆಮೇಲೆ ಆಗಲಿಲ್ಲ.

ಈಗ ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಹನ್ನೆರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ವಾರ, ನಮ್ಮ ಪಕ್ಕದ ಗುಡ್ಡದ ಅಕೇಶಿಯಾ ನೆಡುತೋಪಿಗೆ ಬೆಂಕಿ ಬಿತ್ತು. ಬಿದ್ದದ್ದಲ್ಲ, ಹಚ್ಚಿದ್ದು. ಹಚ್ಚಿದವರು ನಮ್ಮ ಊರಿನ ನಾಲ್ಕು ಹುಡುಗರು. ಸಿಟ್ಟಿಗೆ ಕಾರಣ ಇತ್ತು. ದನ ಮೇಯುವ ಗುಡ್ಡಕ್ಕೆ ತಂತಿ ಹಾಕಿದ್ದರು. ಅಕೇಶಿಯಾ ಕೆಳಗೆ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಹಿಂದಿನ ತಿಂಗಳಷ್ಟೇ ಒಬ್ಬ ಮುದುಕಿಯ ಗುಡಿಸಲು ಕಿತ್ತು ಹಾಕಿದ್ದರು. ಅದನ್ನು ನೋಡಿ ನನಗೇ ಮೈ ಉರಿದಿತ್ತು.

ತೋಪು ಕಾಯುತ್ತಿದ್ದ ವಾಚರ್ ದಿನಗೂಲಿಯವನು, ಅವನೂ ಮುಳುಗಡೆಯ ಮನೆಯವನೇ. ಒಬ್ಬನೇ ಹಸಿ ಸೊಪ್ಪಿನ ಗೊಂಚಲು ಹಿಡಿದು ಬೆಂಕಿ ಬಡಿಯಲು ಹೋದ. ಗಾಳಿ ತಿರುಗಿತು. ಎರಡೂ ಕಾಲು ಸುಟ್ಟುಕೊಂಡು ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದ. ಬೆಂಕಿ ಬೀಳಲು ಬಿಟ್ಟದ್ದು ಯಾಕೆ ಎಂದು ಅವನನ್ನೇ ಕೇಳಿದರು, ಕೆಲಸವೂ ಹೋಯಿತು. ನೆಡುತೋಪಿಗೆ ಏನಾಯಿತು? ಮಳೆ ಹಿಡಿದ ಮೇಲೆ ಮತ್ತೆ ಸಸಿ ನೆಟ್ಟರು. ಈಗ ಮುಗಿಲೆತ್ತರ ನಿಂತಿವೆ.

ನಾಲ್ವರಲ್ಲಿ ಒಬ್ಬ ನನ್ನ ವಿದ್ಯಾರ್ಥಿ. ಕೆಲವು ದಿನ ಬಿಟ್ಟು ಮನೆಗೆ ಬಂದು ಜಗಲಿಯಲ್ಲಿ ಕೂತ. ನಾನು ಚಹಾ ಕೊಟ್ಟೆ, ಕುಡಿಯಲಿಲ್ಲ. "ನಿಮ್ಮ ಅಪ್ಪ ಮಾಡಿದ್ದು ಹೋರಾಟ, ನಾವು ಮಾಡಿದ್ದು ಮಾತ್ರ ತಪ್ಪಾ ಮೇಡಂ?" ಎಂದ.

ಒಳ್ಳೆ ಪ್ರಶ್ನೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸುಮ್ನೆ, "ಆಸ್ಪತ್ರೆಗೆ ಹೋಗಿ ಅವನನ್ನು ನೋಡಿಕೊಂಡು ಬಂದ್ಯೇನೋ?" ಎಂದು ಕೇಳಿದೆ.

"ಹೋದ್ರೆ ಗೊತ್ತಾಗಿ ಹೋಗ್ತದಲ್ಲ ಮೇಡಂ."

ಅಪ್ಪಯ್ಯ ಜೈಲಿನಿಂದ ಬಂದ ಮೇಲೂ ಧಣಿಗಳ ಮನೆಯವರು ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಿದ್ದ. ಮಳೆ, ಅಡಿಕೆ ಕೊಳೆ, ಮಕ್ಕಳ ಮದುವೆ. ಅವನು ಮಾಡಿದ್ದು ಎದುರಾಳಿಯ ಮುಖ ನೋಡಿ ಹೇಳಬಹುದಾದ ಕೆಲಸ. ಈ ಹುಡುಗನಿಗೆ ಎದುರಾಳಿಯ ಮುಖ ಹೋಗಲಿ, ತನ್ನದೇ ಊರಿನ ಸುಟ್ಟ ಕಾಲನ್ನು ನೋಡಲು ಆಗಲಿಲ್ಲ. ಅನ್ಯಾಯ ಅವನಿಗೂ ಆಗಿತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬಾಕಿ ತೀರಿಸಿದ್ದು ವಾಚರ್.

2005ರಲ್ಲೂ ಹೀಗೇ ಅನ್ನಿಸಿತ್ತು. ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರಿನ ಕಾಡಿನಲ್ಲಿ ಪೊಲೀಸರ ಗುಂಡಿಗೆ ಸತ್ತ ಕೆಲವೇ ದಿನಕ್ಕೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯಲ್ಲಿ ತಂಗಿದ್ದ ಪೊಲೀಸರನ್ನು ನಕ್ಸಲರು ಕೊಂದರು. ನಕ್ಸಲರು ವಿರೋಧಿಸುತ್ತಿದ್ದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಗೂ ಆ ಪೊಲೀಸರಿಗೂ ಏನು ಸಂಬಂಧ? ಮಲೆನಾಡಿನ ಒಂದು ಮನೆಗೂ ಅದರಿಂದ ಹಕ್ಕುಪತ್ರ ಬರಲಿಲ್ಲ. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದ ಚಿತ್ರವನ್ನು ನಿಮ್ಮ ಪತ್ರಿಕೆಯಲ್ಲೇ ನೋಡಿದೆ. ಶಾಲೆಯ ಆ ಗೋಡೆಗಳನ್ನು ತೊಳೆದವರು ಯಾರಿರಬಹುದು ಎಂದು ಅವತ್ತೂ ಯೋಚನೆ ಬಂತು. ಶಿಕ್ಷಕಿಯಾಗಿದ್ದವಳಿಗೆ ಇಂಥವೇ ತಲೆಗೆ ಬರುವುದು.

ವಾಚರ್ ಈಗ ಕುಂಟುತ್ತಾ ನಮ್ಮ ತೋಟದ ಕೆಲಸಕ್ಕೇ ಬರುತ್ತಾನೆ. ಬೆಂಕಿ ಹಚ್ಚಿದವರು ಯಾರೆಂದು ನಾನು ಅವನಿಗೆ ಇನ್ನೂ ಹೇಳಿಲ್ಲ. ಅವನಿಗೆ ಗೊತ್ತಿದೆ ಅಂತಲೂ ಕಾಣುತ್ತದೆ.

ಕೊನೆಗೆ ಒಂದು ಕೋರಿಕೆ. ಈ ಪತ್ರ ಹಾಕುವುದಾದರೆ ನನ್ನ ಹೆಸರು, ಊರು ಹಾಕಬೇಡಿ. ಆ ಒಂದೂವರೆ ಎಕರೆಯ ಬಗ್ಗೆ ನನ್ನ ತಮ್ಮನಿಗೆ ಮತ್ತೆ ನೋಟಿಸ್ ಬಂದಿದೆ, ಮುಂದಿನ ತಿಂಗಳು ವಿಚಾರಣೆ. ಅಪ್ಪಯ್ಯ ಇದ್ದಿದ್ದರೆ ನನ್ನ ತಲೆಗೂ ಮೊಟಕುತ್ತಿದ್ದ.

ಇತಿ ನಿಮ್ಮ ಓದುಗಿ,
ನಿವೃತ್ತ ಶಿಕ್ಷಕಿ, ಶಿವಮೊಗ್ಗ ತಾಲ್ಲೂಕು